ಇಂಟರ್ವ್ಯೂ ಮುಗಿಯದೆ ಪಂಪು ಹಾಕುವ ಹಾಗಿಲ್ಲ

ಕೆಲಸ ಹುಡುಕುವವನ ಮನೆಯಲ್ಲಿ ದಿನಕ್ಕೊಂದು ತಮಾಷೆ ಆಗುತ್ತಲೇ ಇರುತ್ತದೆ. ಆದರೆ ಅದು ತಮಾಷೆ ಎಂದು ಗೊತ್ತಾಗುವುದು ಕೆಲಸ ಸಿಕ್ಕಿದ ಮೇಲೆ. ನಾನು ಇದುವರೆಗೆ ಅರ್ಜಿ ಬಿಟ್ಟು ಬೇರೆ ಏನನ್ನೂ ಬರೆದವನಲ್ಲ. ಯಾವುದನ್ನು ವಿವರಿಸಬೇಕು, ಯಾವುದನ್ನು ಬಿಡಬೇಕು ಎಂದು ಗೊತ್ತಾಗುವುದಿಲ್ಲ. ಬಿಟ್ಟು ಅರ್ಥವಾಗದೆ ಹೋಗುವುದಕ್ಕಿಂತ ಹೇಳಿಬಿಡುವುದೇ ವಾಸಿ ಎಂದುಕೊಂಡಿದ್ದೇನೆ.

ನನ್ನ ಮನೆ ಮಂಗಳೂರಿನಿಂದ ದಕ್ಷಿಣಕ್ಕೆ ರಾಜ್ಯದ ಗಡಿ ದಾಟಿದರೆ ಸಿಗುವ ಉಪ್ಪಳ ಪೇಟೆಯಿಂದ ಒಳಗೆ, ಮೀಂಜದ ಕಡೆ. ಆರು ವರ್ಷ ಗಲ್ಫಿನಲ್ಲಿ ಒಂದು ಸೂಪರ್ ಮಾರ್ಕೆಟಿನ ಗೋಡೌನಿನಲ್ಲಿ ಇದ್ದೆ. ಅಲ್ಲಿ ಮಧ್ಯಾಹ್ನ ಮೂರು ಗಂಟೆ ಬಿಡುವು ಇರುತ್ತದೆ, ಬಿಸಿಲು ಜಾಸ್ತಿ ಅಲ್ಲವಾ, ಅದಕ್ಕೆ. ರೂಮಿನಲ್ಲಿ ಉಳಿದವರು ನಿದ್ದೆ ಮಾಡುವಾಗ ನಾನು ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಕೋಡಿಂಗ್ ಕಲಿತೆ. ಕೋಡಿಂಗ್ ಎಂದರೆ ಕಂಪ್ಯೂಟರಿಗೆ ಏನು ಮಾಡಬೇಕೆಂದು ಒಂದೊಂದೇ ಸಾಲಿನಲ್ಲಿ ಬರೆದು ಹೇಳುವುದು. ಅದು ನಾವು ಬರೆದದ್ದನ್ನು ಮಾಡುತ್ತದೆ, ನಾವು ಅಂದುಕೊಂಡದ್ದನ್ನು ಮಾಡುವುದಿಲ್ಲ. ಇದು ಮುಂದೆ ಉಪಯೋಗಕ್ಕೆ ಬರುತ್ತದೆ, ಆದ್ದರಿಂದ ಹೇಳಿದೆ.

ಕಳೆದ ನವೆಂಬರ್ ಕೊನೆಗೆ ರಜೆಯಲ್ಲಿ ಊರಿಗೆ ಬಂದೆ. ಆರು ತಿಂಗಳಿಗಿಂತ ಹೆಚ್ಚು ಹೊರಗೆ ಉಳಿದರೆ ನನ್ನ ವೀಸಾ ಹೋಗುತ್ತದೆ. ಎಂದರೆ ಮೇ ಕೊನೆಯೊಳಗೆ ಮನೆಯಲ್ಲಿ ಕೂತು ಮಾಡುವ ಒಂದು ಕೋಡಿಂಗ್ ಕೆಲಸ ಸಿಕ್ಕಿದರೆ ನಾನು ಇಲ್ಲಿ. ಸಿಗದಿದ್ದರೆ ಪುನಃ ಗೋಡೌನಿನಲ್ಲಿ. ಹೊಸ ಕ್ಯಾಲೆಂಡರ್ ಮನೆಗೆ ಬಂದ ದಿನವೇ ಹೆಂಡತಿ ಮೇ ತಿಂಗಳ ಪುಟ ತೆರೆದು, ಕೊನೆಯ ಸೋಮವಾರಕ್ಕೆ ಕೆಂಪು ಪೆನ್ನಿನಲ್ಲಿ ಒಂದು ಸುತ್ತು ಹಾಕಿದಳು. ಅದು ನಾನು ವಾಪಸು ಹೋಗಬೇಕಾದ ದಿನ.

ಎರಡು ಪ್ರಶ್ನೆ

ನಮ್ಮ ಕಡೆ ಗಲ್ಫಿನಿಂದ ಬಂದವನಿಗೆ ಎಲ್ಲರೂ ಎರಡು ಪ್ರಶ್ನೆ ಕೇಳುತ್ತಾರೆ. ಯಾವಾಗ ಬಂದದ್ದು? ಯಾವಾಗ ಹೋಗುವುದು? ಎರಡಕ್ಕೂ ತಾರೀಕು ಹೇಳಿದರೆ ಮಾತು ಅಲ್ಲಿಗೆ ಮುಗಿಯುತ್ತದೆ. ನಾನು ಉಪ್ಪಳದ ಕ್ಷೌರದಂಗಡಿಯಲ್ಲಿ ಎರಡನೆಯದಕ್ಕೆ ತಾರೀಕು ಹೇಳಲಿಲ್ಲ.

"ಹೋಗುವುದಿಲ್ಲ ಅಂತ ಉಂಟು" ಎಂದೆ.

ಕತ್ತರಿ ನಿಂತಿತು. "ಮತ್ತೆ ಇಲ್ಲಿ ಎಂತ ಮಾಡುವುದು?"

"ಕೋಡಿಂಗ್. ಕಂಪ್ಯೂಟರಿನ ಕೆಲಸ. ಮನೆಯಲ್ಲೇ ಕೂತು ಮಾಡುವುದು."

"ಸಿಕ್ಕಿತಾ?"

"ಇಲ್ಲ. ಹುಡುಕುತ್ತಾ ಇದ್ದೇನೆ."

ಕ್ಷೌರಿಕ ಅಂಗಡಿಯಲ್ಲಿದ್ದ ಇನ್ನಿಬ್ಬರ ಕಡೆ ನೋಡಿದ, ರೇಡಿಯೋದ ಸ್ವರ ಸ್ವಲ್ಪ ಜೋರು ಮಾಡಿದ, ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದ: "ನನ್ನ ಹತ್ತಿರ ಹೇಳು ಮಾರಾಯ. ಅಲ್ಲಿ ಎಂತ ಕೇಸ್ ಆಯಿತು?"

ಫೋನಿನಲ್ಲಿ ಇರುವ ಅಪ್ಪ

ಮಗಳಿಗೆ ಮೂರು ವರ್ಷ. ಅವಳು ಹುಟ್ಟಿದ ಮೇಲೆ ನಾನು ಊರಿಗೆ ಬಂದದ್ದು ಒಮ್ಮೆ ಮಾತ್ರ, ಅದೂ ಅವಳು ಮಗುಚಿ ಬೀಳಲು ಕಲಿಯುವ ಪ್ರಾಯದಲ್ಲಿ. ಉಳಿದಂತೆ ಅವಳು ನನ್ನನ್ನು ನೋಡಿದ್ದು ಫೋನಿನಲ್ಲಿ. ದಿನಾ ಸಂಜೆ ಫೋನಿನೊಳಗೆ ಬಂದು ಹೋಗುವ ಒಬ್ಬ ಮನುಷ್ಯ, ಅವನ ಹೆಸರು ಅಪ್ಪ. ಹೀಗೆ ಅವಳ ಲೆಕ್ಕ.

ನಾನು ಬಂದ ಮೊದಲ ವಾರ ಅವಳು ನನ್ನ ಹತ್ತಿರ ಬರಲಿಲ್ಲ. ಸಂಜೆಯಾದರೆ ಅಮ್ಮನ ಫೋನು ಹಿಡಿದುಕೊಂಡು, "ಅಪ್ಪನಿಗೆ ಕಾಲ್ ಮಾಡು" ಎಂದು ಅಳುತ್ತಿದ್ದಳು. ಅಪ್ಪ ಇಲ್ಲೇ ಕೂತಿದ್ದಾನಲ್ಲ ಎಂದರೆ ನನ್ನನ್ನೊಮ್ಮೆ ನೋಡಿ ಇನ್ನೂ ಜೋರಾಗಿ ಅಳುತ್ತಿದ್ದಳು. ಕೊನೆಗೆ ನಾನು ಹಿಂದಿನ ಕೋಣೆಗೆ ಹೋಗಿ ಅಲ್ಲಿಂದ ವಿಡಿಯೋ ಕಾಲ್ ಮಾಡಲು ಶುರು ಮಾಡಿದೆ. ಅವಳು ಫೋನಿಗೆ ಮುತ್ತು ಕೊಟ್ಟಳು, ಅಂದಿನ ಸುದ್ದಿಯನ್ನೆಲ್ಲ ಹೇಳಿದಳು. ನಾವಿಬ್ಬರೂ ಒಂದೇ ಮನೆಯಲ್ಲಿ, ನಡುವೆ ಒಂದು ಗೋಡೆ.

ಹತ್ತನೆಯ ದಿನ ಧೈರ್ಯ ಮಾಡಿ, ಫೋನು ಹಿಡಿದುಕೊಂಡೇ ಮಾತಾಡುತ್ತಾ ಕೋಣೆಯಿಂದ ಹೊರಗೆ ಬಂದೆ. ಅವಳು ಫೋನನ್ನು ನೋಡಿದಳು, ನನ್ನನ್ನು ನೋಡಿದಳು, ಪುನಃ ಫೋನನ್ನು ನೋಡಿದಳು. ಮುಂದೆ ಯಾವ ಇಂಟರ್ವ್ಯೂವಿನಲ್ಲಿಯೂ ನಾನು ಅಷ್ಟು ಹೆದರಲಿಲ್ಲ. ಅವಳು ಫೋನಿಗೆ ಮೆಲ್ಲಗೆ ಹೇಳಿದಳು: "ಅಪ್ಪಾ, ಇಲ್ಲಿ ಒಬ್ಬ ಮಾಮ ಬಂದಿದ್ದಾನೆ. ನಿನ್ನ ಅಂಗಿ ಹಾಕಿದ್ದಾನೆ."

ಹನ್ನೊಂದು ಪುಟದ ಬಯೋಡೇಟಾ

ಜನವರಿಯಲ್ಲಿ ಕೊಚ್ಚಿಯ ಒಂದು ಕಂಪೆನಿ ಅರ್ಜಿ ಕರೆದಿತ್ತು. ಆಗ ನನ್ನ ಲ್ಯಾಪ್‌ಟಾಪು ಹಾಳಾಗಿ ರಿಪೇರಿಗೆ ಹೋಗಿತ್ತು, ಅರ್ಜಿಗೆ ಅದೇ ಕೊನೆಯ ದಿನ. ಆದ್ದರಿಂದ ಪೇಟೆಯಲ್ಲಿ ಸರಕಾರಿ ಅರ್ಜಿ ತುಂಬಿಸಿಕೊಡುವ ಸೇವಾ ಕೇಂದ್ರಕ್ಕೆ ಓಡಿದೆ. ಅಲ್ಲಿಯ ಹುಡುಗಿ ಬಹಳ ಚುರುಕು. ಊರಿನ ಅರ್ಧ ಪಿಂಚಣಿ ಅವಳ ಬೆರಳಿನಿಂದ ಬಂದದ್ದು.

"ಅಣ್ಣ, ನೀವು ಮನೆಗೆ ಹೋಗಿ" ಎಂದಳು. "ನಿಮ್ಮ ಕುಟುಂಬದ ದಾಖಲೆ ಎಲ್ಲ ನನ್ನ ಹತ್ತಿರ ಉಂಟು. ನಾನು ಕಳುಹಿಸಿದ ಅರ್ಜಿ ಇದುವರೆಗೆ ಒಂದೂ ತಿರಸ್ಕಾರ ಆಗಲಿಲ್ಲ."

ನಾನು ನಂಬಿದೆ. ಮೂರು ದಿನದ ನಂತರ ಕಂಪೆನಿಯಿಂದ ಫೋನು ಬಂತು. ಮಾತಾಡಿದವರು ಮರ್ಯಾದೆಯಿಂದಲೇ ಮಾತಾಡಿದರು. ಹನ್ನೊಂದು ಪುಟ ಬಂದಿದೆ ಎಂದರು. ಕೋಡಿಂಗ್ ಕೆಲಸ ಮಂಜೂರು ಮಾಡಿಕೊಡಬೇಕೆಂಬ ವಿನಂತಿ, ರೇಷನ್ ಕಾರ್ಡು, ವಿಲ್ಲೇಜ್ ಆಫೀಸಿನ ನೇಟಿವಿಟಿ ಸರ್ಟಿಫಿಕೇಟು, ಆದಾಯದ ಸರ್ಟಿಫಿಕೇಟು, ಮನೆ ತೆರಿಗೆ ಕಟ್ಟಿದ ರಶೀದಿ. "ನೀವು ಇಲ್ಲಿಯವರೇ ಎಂದು ಗೊತ್ತಾಯಿತು. ತೆರಿಗೆ ಬಾಕಿ ಇಲ್ಲ ಎಂದೂ ಗೊತ್ತಾಯಿತು. ನಿಮಗೆ ಕೋಡಿಂಗ್ ಬರುತ್ತದೆ ಎಂದು ಮಾತ್ರ ಎಲ್ಲಿಯೂ ಇಲ್ಲ."

ನಾನು ನೇರ ಸೇವಾ ಕೇಂದ್ರಕ್ಕೆ ಹೋದೆ. ಹುಡುಗಿ ಎಲ್ಲವನ್ನೂ ಗಮನವಿಟ್ಟು ಕೇಳಿದಳು, ನಿಜವಾಗಿಯೂ ಬೇಸರ ಮಾಡಿಕೊಂಡಳು. ಆಮೇಲೆ ಪೆನ್ನು ತೆಗೆದು ಹೇಳಿದಳು: "ಅದಕ್ಕೆ ಹೆದರುವುದು ಬೇಡ ಅಣ್ಣ. ಕೋಡಿಂಗ್ ಬರುತ್ತದೆ ಅಂತ ವಿಲ್ಲೇಜ್ ಆಫೀಸಿನಿಂದ ಒಂದು ಸರ್ಟಿಫಿಕೇಟು ಮಾಡಿಸುವ."

ದೊಡ್ಡಮ್ಮನ ಮೋಟರು

ಮಾರ್ಚ್ ಬಂತು. ಇಲ್ಲಿ ಕರೆಂಟಿನ ವಿಷಯ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮ ಲೈನಿನ ತುದಿಯಲ್ಲಿ ಮೂರೇ ಮನೆ: ನಮ್ಮದು, ನಿವೃತ್ತ ಮಾಷ್ಟ್ರದ್ದು, ದೊಡ್ಡಮ್ಮನದ್ದು. ದೊಡ್ಡಮ್ಮ ಎಂದರೆ ನನಗೆ ಸಂಬಂಧ ಅಲ್ಲ, ನೆರೆಮನೆಯವರು, ಎಲ್ಲರೂ ಹಾಗೆ ಕರೆಯುವುದು. ಬೇಸಿಗೆಯಲ್ಲಿ ವೋಲ್ಟೇಜ್ ಕಡಿಮೆ. ಯಾರಾದರೂ ನೀರಿನ ಪಂಪು ಹಾಕಿದರೆ ನಮ್ಮ ಬಲ್ಬು ಮೊಂಬತ್ತಿಯ ಹಾಗೆ ಆಗುತ್ತದೆ, ಇಂಟರ್ನೆಟ್ಟಿನ ಪೆಟ್ಟಿಗೆ ಆರಿ ಹೋಗುತ್ತದೆ. ಫೋನಿಗೆ ಕಾಲ್, ಮೆಸೇಜು ಬರುತ್ತದೆ, ಫೋನಿನಲ್ಲಿ ಇಂಟರ್ನೆಟ್ ಬೇಕಾದರೆ ಗುಡ್ಡೆ ಹತ್ತಬೇಕು.

ಮೊದಲ ಇಂಟರ್ವ್ಯೂವಿನಲ್ಲಿ ನಾನು "ನನ್ನ ದೊಡ್ಡ ಶಕ್ತಿ ಎಂದರೆ" ಎನ್ನುವಾಗ ದೊಡ್ಡಮ್ಮ ಪಂಪು ಹಾಕಿದರು. ಆ ಕಡೆಯವರಿಗೆ ನನ್ನ ಬಾಯಿ ತೆರೆದೇ ನಿಂತ ಚಿತ್ರ ಕಾಣುತ್ತಿತ್ತಂತೆ. ಹತ್ತು ನಿಮಿಷ ಕಾದು ಹೋದರು.

ನಾನು ಬೇಲಿಯ ಹತ್ತಿರ ಹೋಗಿ ವಿನಂತಿಸಿದೆ. ನಮ್ಮ ಮಾತು ತುಳುವಿನಲ್ಲಿ, ಇಲ್ಲಿ ಕನ್ನಡದಲ್ಲಿ ಬರೆಯುತ್ತೇನೆ.

"ದೊಡ್ಡಮ್ಮ, ನನಗೆ ಇಂಟರ್ವ್ಯೂ ಇರುವಾಗ ಪಂಪು ಹಾಕಬೇಡಿ."

"ಅದು ಎಷ್ಟು ದಿನಕ್ಕೊಮ್ಮೆ?"

"ತಿಂಗಳಿಗೆ ಎರಡು ಸಿಕ್ಕಿದರೆ ಹೆಚ್ಚು."

"ಆಗಬಹುದು. ಕೆಲಸ ಸಿಕ್ಕಿದ ಮೇಲೆ?"

"ಆಮೇಲೆ ದಿನಾ ಕರೆಂಟು ಬೇಕು."

ದೊಡ್ಡಮ್ಮ ತಮ್ಮ ಅಲಸಂಡೆ ಬಳ್ಳಿಯ ಕಡೆ ನೋಡಿದರು. "ನೀನು ಇಂಟರ್ವ್ಯೂ ಕೊಡುತ್ತಾ ಇರು ಮಗ. ಸಿಗುವುದಕ್ಕೆ ಎಂತ ಅರ್ಜೆಂಟು?"

ಬೇರೆ ದಾರಿ ಕಾಣದೆ ನಾನೇ ಒಂದು ಪ್ರೋಗ್ರಾಮ್ ಬರೆದೆ. ಮೂರು ಮನೆಗೂ ಪಂಪಿನ ಸರದಿ ಹಾಕಿ, ಪ್ರತಿದಿನ ಬೆಳಿಗ್ಗೆ ಎಲ್ಲರ ಫೋನಿಗೆ ಸಮಯದ ಮೆಸೇಜು ಕಳುಹಿಸುವಂಥದ್ದು. ಮಾಷ್ಟ್ರಿಗೆ ಹತ್ತರಿಂದ ಹನ್ನೊಂದು, ದೊಡ್ಡಮ್ಮನಿಗೆ ಹನ್ನೊಂದರಿಂದ ಹನ್ನೆರಡು, ನಮಗೆ ಸಂಜೆ. ಮೊದಲ ಮೆಸೇಜು ಹೋದ ಐದು ನಿಮಿಷಕ್ಕೆ ದೊಡ್ಡಮ್ಮ ಬೇಲಿ ದಾಟಿ, ಅಂಗಳ ದಾಟಿ, ಫೋನು ಹಿಡಿದುಕೊಂಡು ಬಂದರು.

"ನೀನು ಮೆಸೇಜು ಕಳುಹಿಸಿದ್ದಿಯಲ್ಲ, ಬಂತು" ಎಂದರು. "ಅದರಲ್ಲಿ ಎಂತ ಉಂಟು ಅಂತ ಸ್ವಲ್ಪ ಓದಿ ಹೇಳು."

ಕೆಂಪು ಸುತ್ತಿನ ದಿನಕ್ಕೆ ಹನ್ನೊಂದು ದಿನ ಇರುವಾಗ

ಮೇ ತಿಂಗಳು. ಟಿಕೆಟು ತೆಗೆದಾಗಿತ್ತು. ಹೆಂಡತಿ ಸೂಟ್‌ಕೇಸನ್ನು ಅಟ್ಟದಿಂದ ಇಳಿಸಿ ಬಿಸಿಲಿಗೆ ಇಟ್ಟಿದ್ದಳು. ಅಷ್ಟರಲ್ಲಿ ಮಗಳಿಗೆ ನಾನೇ ಅಪ್ಪ ಎಂದು ಅಭ್ಯಾಸವಾಗಿತ್ತು. ಅವಳು ಸೂಟ್‌ಕೇಸಿನೊಳಗೆ ಕೂತು ಆಡುತ್ತಿದ್ದಳು. ಆ ಕಡೆ ನೋಡದೆ ನಾನು ಲ್ಯಾಪ್‌ಟಾಪಿನ ಮುಂದೆ ಕೂತೆ. ಮಂಗಳೂರಿನ ಒಂದು ಸಣ್ಣ ಕಂಪೆನಿಯ ಇಂಟರ್ವ್ಯೂ, ಹನ್ನೊಂದರಿಂದ ಹನ್ನೆರಡು. ಇದರ ನಂತರ ಕ್ಯಾಲೆಂಡರಿನಲ್ಲಿ ಇನ್ನೊಂದಕ್ಕೆ ಜಾಗ ಇರಲಿಲ್ಲ.

ಆ ಹೊತ್ತು ದೊಡ್ಡಮ್ಮನ ಸರದಿ. ಆದ್ದರಿಂದ ಆ ದಿನ ಹನ್ನೊಂದರಿಂದ ಹನ್ನೆರಡು ಖಾಲಿ ಇರಲಿ, ಅವರಿಗೆ ಬೇರೆ ಸಮಯ ಕೊಡು ಎಂದು ಪ್ರೋಗ್ರಾಮಿಗೆ ಬರೆದಿದ್ದೆ.

ಪರದೆಯಲ್ಲಿ ಒಬ್ಬರು ಮೇಡಂ, ನನಗಿಂತ ಸಣ್ಣ ಪ್ರಾಯದವರು. ಕೋಣೆಯಲ್ಲಿ ನಾನಲ್ಲದೆ ಯಾರೂ ಇರಬಾರದು ಎಂದು ಮೊದಲೇ ಹೇಳಿದ್ದರು. ನಾನು ಮಾಡಿದ ಹವಾಮಾನ ತೋರಿಸುವ ಆ್ಯಪ್ ನೋಡಿದರು. ಕಲಿಯುವವರೆಲ್ಲ ಮೊದಲು ಅದನ್ನೇ ಮಾಡುವುದು.

"ಇದನ್ನು ಎಷ್ಟು ಜನ ಬಳಸುತ್ತಾರೆ?"

"ನಾನು."

"ನಿಮ್ಮನ್ನು ಬಿಟ್ಟು?"

ಅಷ್ಟರಲ್ಲಿ ಕಿಟಕಿಯಲ್ಲಿ ದೊಡ್ಡಮ್ಮನ ಮುಖ ಬಂತು.

"ಎಂತ ನಿನ್ನ ಪ್ರೋಗ್ರಾಮು? ನಿನ್ನ ಹೆಂಡತಿ ಮೆಸೇಜು ಓದಿ ಹೇಳಿದ ಹಾಗೆ ಹತ್ತು ಗಂಟೆಗೆ ಹಾಕಿದೆ, ಅದೇ ಹೊತ್ತಿಗೆ ಮಾಷ್ಟ್ರಿಗೂ ಸರದಿ ಕೊಟ್ಟಿದ್ದಿ. ಎರಡು ಮೋಟರೂ ಮುಲುಗಿ ನಿಂತಿತು. ಇಬ್ಬರಿಗೂ ನೀರಿಲ್ಲ. ನಾನು ಈಗ ಹಾಕುತ್ತೇನೆ."

"ದೊಡ್ಡಮ್ಮ, ಹಾಕಬೇಡಿ. ಹಾಕಿದರೆ ಎಲ್ಲ ಹೋಯಿತು."

"ನನ್ನ ಅಲಸಂಡೆ ಹೋದದ್ದು ನಿನಗೆ ಲೆಕ್ಕ ಇಲ್ಲವಾ?"

"ಯಾರದು?" ಎಂದರು ಮೇಡಂ. ಸ್ವರ ಗಟ್ಟಿಯಾಗಿತ್ತು. "ಸರದಿ ಎಂದರೆ ಎಂತ?"

ಮುಗಿಯಿತು ಎಂದುಕೊಂಡೆ. ಮುಗಿದ ಮೇಲೆ ಮುಚ್ಚಿಡುವುದು ಎಂತಕ್ಕೆ ಎಂದು ಕರೆಂಟು, ಪಂಪು, ಮೆಸೇಜು ಎಲ್ಲವನ್ನೂ ಹೇಳಿದೆ. ಅವರು ಬರೆದುಕೊಳ್ಳುವುದನ್ನು ನಿಲ್ಲಿಸಿ ಕೇಳಿದರು. "ಇದನ್ನು ಯಾಕೆ ಬಯೋಡೇಟಾದಲ್ಲಿ ಹಾಕಲಿಲ್ಲ?"

"ಅದು ಪಂಪಿನದ್ದು, ಮೇಡಂ."

ಮೇಡಂ ತುಳುವಿಗೆ ತಿರುಗಿದರು. "ಅಮ್ಮ, ಹದಿನೈದು ನಿಮಿಷ ಪಂಪು ಹಾಕಬೇಡಿ. ಇವರು ತಪ್ಪು ಸರಿ ಮಾಡುವುದನ್ನು ನಾನು ನೋಡಬೇಕು."

"ನಾನೂ ನೋಡಬೇಕು" ಎಂದು ದೊಡ್ಡಮ್ಮ ಒಳಗೆ ಬಂದು, ಕುರ್ಚಿ ಎಳೆದು ನನ್ನ ಪಕ್ಕದಲ್ಲೇ ಕೂತರು.

ನಾನು ಬರೆದದ್ದನ್ನು ಮೊದಲಿನಿಂದ ಸಾಲು ಸಾಲಾಗಿ ಓದುತ್ತಾ ಹೋದೆ. ಒಂದು ಕಡೆ ಮೇಡಂ, ಒಂದು ಕಡೆ ದೊಡ್ಡಮ್ಮ, ಅಂಗಳದಲ್ಲಿ ಸೂಟ್‌ಕೇಸು. ತಪ್ಪು ಕೊನೆಗೆ ಸಿಕ್ಕಿತು. ಬೇರೆ ಸಮಯ ಕೊಡು ಎಂದು ಬರೆದಿದ್ದೆ; ಆ ಸಮಯದಲ್ಲಿ ಬೇರೆಯವರು ಇದ್ದಾರಾ ಎಂದು ನೋಡಲು ಬರೆದಿರಲಿಲ್ಲ. ಎರಡು ಸಾಲು ಸೇರಿಸಿ ಒತ್ತಿದೆ. ದೊಡ್ಡಮ್ಮನ ಸೆರಗಿನಲ್ಲಿ ಫೋನು ಸದ್ದು ಮಾಡಿತು.

ನಾನು ಓದಲು ಕೈ ಚಾಚಿದೆ. ಅವರು ಕೊಡಲಿಲ್ಲ. "ಬರೆದವನೇ ಓದುವುದು ಬೇಡ" ಎಂದು ಫೋನನ್ನು ನೇರ ಪರದೆಯ ಮುಂದೆ ಹಿಡಿದರು. ಮೇಡಂ ಕಣ್ಣು ಕಿರಿದು ಮಾಡಿ ಓದಿದರು: "ಇಂದು ನಿಮ್ಮ ಪಂಪಿನ ಸಮಯ ಹನ್ನೆರಡರಿಂದ ಒಂದು. ಬೇರೆ ಯಾರೂ ಇಲ್ಲ."

ದೊಡ್ಡಮ್ಮನಿಗೆ ತೃಪ್ತಿಯಾಯಿತು. ಪರದೆಗೆ ಇನ್ನಷ್ಟು ಹತ್ತಿರ ಬಗ್ಗಿ, "ಚೆಂದ ಓದುತ್ತೀ ಮಗಾ" ಎಂದರು. "ನಿನಗೆ ಕೆಲಸ ಸಿಕ್ಕಿತಾ?"

"ನನಗೆ ಉಂಟು ಅಮ್ಮ. ಇವರಿಗೆ ಕೊಡುವುದಾ ಅಂತ ನೋಡುವುದು."

ದೊಡ್ಡಮ್ಮ ನನ್ನನ್ನು ನೋಡಿದರು, ಹೊರಗೆ ಸೂಟ್‌ಕೇಸಿನಲ್ಲಿ ಕೂತ ಮಗಳನ್ನು ನೋಡಿದರು. "ಕೊಡು" ಎಂದರು. "ಇವನ ಕೆಲಸದಲ್ಲಿ ತಪ್ಪು ಬರುತ್ತದೆ, ಆದರೆ ಹೇಳಿದರೆ ಸರಿ ಮಾಡುತ್ತಾನೆ. ಹನ್ನೊಂದರಿಂದ ಹನ್ನೆರಡು ಮಾತ್ರ ಕರೆಯಬೇಡ. ಅದು ನನ್ನ ಹೊತ್ತು."

ನಾಲ್ಕು ದಿನದ ನಂತರ ಕೆಲಸದ ಪತ್ರ ಬಂತು. ಸಂಬಳ ಗೋಡೌನಿಗಿಂತ ಸ್ವಲ್ಪ ಕಡಿಮೆ, ಕೆಲಸ ಮನೆಯಿಂದ. ಕ್ಯಾಲೆಂಡರಿನ ಕೆಂಪು ಸುತ್ತಿನೊಳಗೆ ಮಗಳು ಕಣ್ಣು, ಮೂಗು ಬರೆಯುವಾಗ ಹೆಂಡತಿ ತಡೆಯಲಿಲ್ಲ. ಪತ್ರದ ಕೊನೆಯಲ್ಲಿ ಒಂದು ಸಾಲು ಹೆಚ್ಚು ಇತ್ತು: ಬೇಸಿಗೆಯಲ್ಲಿ ಬೆಳಿಗ್ಗೆ ಹನ್ನೊಂದರಿಂದ ಹನ್ನೆರಡರವರೆಗೆ ಮೀಟಿಂಗ್ ಇರುವುದಿಲ್ಲ.

ನಾನು ಓಡಿ ಹೋಗಿ ಬೇಲಿಯ ಹತ್ತಿರ ನಿಂತು ಪೂರ್ತಿ ಪತ್ರವನ್ನು ಗಟ್ಟಿಯಾಗಿ ಓದಿದೆ. ಕೊನೆಯ ಸಾಲನ್ನು ಎರಡು ಸಲ ಓದಿದೆ. ದೊಡ್ಡಮ್ಮ ನೀರಿನ ಪೈಪನ್ನು ಕೆಳಗೆ ಇಡದೆಯೇ ಕೇಳಿಸಿಕೊಂಡರು.

"ನೀನು ಓದಿದ್ದು ಸಾಕಾಗುವುದಿಲ್ಲ" ಎಂದರು. "ಆ ದಿನ ನನ್ನ ಮೆಸೇಜು ಓದಿದಳಲ್ಲ, ಆ ಹುಡುಗಿಗೆ ಫೋನು ಮಾಡಿ ಕೊಡು. ಅವಳು ಓದಲಿ."