ವೈನಿಯೂ ಎರಡು ಬೋಲ್ಟುಗಳೂ

ನಮ್ಮ ಮನೆಯಲ್ಲಿ ಯಾವ ವಸ್ತುವೂ ತಾನು ಹುಟ್ಟಿದ ಕೆಲಸದಲ್ಲೇ ನಿವೃತ್ತಿ ಹೊಂದುವುದಿಲ್ಲ. ಅದಕ್ಕೆ ಕಾರಣ ನಮ್ಮ ವೈನಿ. ಅಣ್ಣ ಮದುವೆಯಾಗಿ ಅವರನ್ನು ಮನೆ ತುಂಬಿಸಿಕೊಂಡ ದಿನ, ಒಬ್ಬ ಸೊಸೆ ಬಂದಳು ಎಂದು ನಾವೆಲ್ಲ ತಿಳಿದುಕೊಂಡೆವು. ಬಂದದ್ದು ಒಂದು ವರ್ಕ್‌ಶಾಪು!

ಹಳೆಯ ಕೂಲರು ಈಗ ಜೋಳ ತುಂಬಿಡುವ ಕಣಜ. ಕೆಟ್ಟುಹೋದ ವಾಷಿಂಗ್ ಮಷೀನಿನ ಡ್ರಮ್ಮಿನಲ್ಲಿ ಕರಿಬೇವು ಎದೆಯುದ್ದ ಬೆಳೆದಿದೆ. ಅಣ್ಣನ ಕಾಲೇಜು ದಿನಗಳ ಸೈಕಲ್ಲಿನ ಗಾಲಿಗಳು ಹಿತ್ತಲಿನಲ್ಲಿ ಹೀರೆಬಳ್ಳಿಗೆ ಹಂದರವಾಗಿವೆ. ಜೋರು ಗಾಳಿ ಬೀಸಿದರೆ ಹೀರೇಕಾಯಿಗಳು ಗಿರಗಿರ ತಿರುಗುತ್ತವೆ. ಮಗಳು ತೊಟ್ಟಿಲಿನಿಂದ ಇಳಿದ ಮರುವಾರವೇ ಅದರಲ್ಲಿ ಮೆಂತೆ ಮೊಳಕೆಯೊಡೆಯಿತು. ‘ಇದನ್ನ ತೂಗೂದು ಬ್ಯಾಡ, ನೀರು ಹಾಕಿದರ ಸಾಕು’ ಎಂದು ವೈನಿ ನನಗೆ ಬಿಡಿಸಿ ಹೇಳಿದರು. ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುವವಳಾದ್ದರಿಂದ ನನಗೆ ಎಲ್ಲವನ್ನೂ ಬಿಡಿಸಿಯೇ ಹೇಳಬೇಕು ಎಂಬುದು ಅವರ ಗಟ್ಟಿ ನಂಬಿಕೆ. ಅದಕ್ಕೇ ನನ್ನನ್ನು ‘ಮೇಡಂನೋರ’ ಎಂದು ಕರೆಯುತ್ತಾರೆ. ಆ ಗೌರವದಲ್ಲಿ ಗೌರವ ಎಷ್ಟಿದೆ ಎಂದು ನಾನು ಇದುವರೆಗೆ ಕೇಳಿಲ್ಲ.

ನಗುತ್ತಾ ಬರೆಯಬೇಕೆಂದೇ ಕುಳಿತಿದ್ದೇನೆ. ನಡುವೆ ಎಲ್ಲಾದರೂ ನನ್ನ ಕೈ ನಿಂತರೆ ಓದುಗರು ಸ್ವಲ್ಪ ಸೈರಿಸಿಕೊಳ್ಳಬೇಕು.

ಅಣ್ಣನ ಕೆಲಸ ಬಳ್ಳಾರಿ ಕಡೆ. ಶನಿವಾರ ಸಂಜೆ ಬಂದು ಸೋಮವಾರ ಬೆಳಕು ಹರಿಯುವ ಮೊದಲೇ ಹೋಗುತ್ತಾನೆ. ಉಳಿದ ದಿನಗಳಲ್ಲಿ ಹುಬ್ಬಳ್ಳಿಯ ಮನೆಯಲ್ಲಿ ನಾವು ಮೂವರೇ: ನಾನು, ವೈನಿ, ಅವರ ಮೂರು ವರ್ಷದ ಮಗಳು ಚಿನ್ನಿ. ಡ್ರಿಲ್ ಮಷೀನನ್ನೂ ಲೆಕ್ಕಕ್ಕೆ ಹಿಡಿದರೆ ನಾಲ್ವರು. ಅಣ್ಣ ಪ್ರತಿ ಶನಿವಾರ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಡುವ ಮೊದಲು ಕೇಳುವ ಪ್ರಶ್ನೆ ಒಂದೇ: ‘ಈ ವಾರ ಏನೇನು ಏನೇನಾಗ್ಯಾವು?’

ವೈನಿಯ ತವರು ಉಪ್ಪಿನಬೆಟಗೇರಿ. ಅಲ್ಲಿ ಅವರ ಅಪ್ಪ ಹೊಲದ ಪಂಪ್‌ಸೆಟ್ಟನ್ನು ಬಿಚ್ಚಿ ಹರಡಿದಾಗ, ನಟ್ಟು ಬಿಗಿಯುವ ಪಾನಾಗಳನ್ನು ಒಂದೊಂದಾಗಿ ಕೈಗೆ ಕೊಡುತ್ತಾ ಬೆಳೆದ ಮಗಳು ಇವರು. ಬೇರೆ ಹುಡುಗಿಯರು ರಂಗೋಲಿಯ ಎಳೆ ಎಣಿಸುವ ವಯಸ್ಸಿನಲ್ಲಿ ಇವರು ಬೋಲ್ಟಿನ ನಂಬರು ಕಣ್ಣಳತೆಯಲ್ಲಿ ಹೇಳುತ್ತಿದ್ದರಂತೆ. ಮಿಸ್ತ್ರಿಯನ್ನು ಕರೆಸೋಣ ಎಂದರೆ ಮುಖ ಸಣ್ಣಗೆ ಮಾಡುತ್ತಾರೆ. ಮನೆಯಲ್ಲಿ ಇಷ್ಟು ಮಂದಿ ಇರುವಾಗ ಹೊರಗಿನವರಿಂದ ಅಡುಗೆ ಮಾಡಿಸಿಕೊಂಡು ಉಣ್ಣುವುದಕ್ಕೂ ಇದಕ್ಕೂ ಏನು ವ್ಯತ್ಯಾಸ ಎಂದು ಕೇಳುತ್ತಾರೆ. ಗಬ್ಬೂರ ಬೈಪಾಸಿನ ಹತ್ತಿರ ಒಂದು ಗುಜರಿ ಅಂಗಡಿಯಿದೆ. ಉಳಿದ ಹೆಂಗಸರು ಸೀರೆ ಅಂಗಡಿಗೆ ಹೋಗುವಂತೆ ವೈನಿ ಸ್ಕೂಟರಿನ ಮುಂದೆ ಚಿನ್ನಿಯನ್ನು ನಿಲ್ಲಿಸಿಕೊಂಡು ಅಲ್ಲಿಗೆ ಹೋಗುತ್ತಾರೆ. ತಾಸುಗಟ್ಟಲೆ ನೋಡಿ, ನಾಲ್ಕು ಕಬ್ಬಿಣ ತೆಗೆಸಿ, ಮೂರು ಬೇಡವೆಂದು, ಒಂದನ್ನು ತರುತ್ತಾರೆ.

ಒಮ್ಮೆ ನನ್ನನ್ನು ನೋಡಲು ಗಂಡಿನ ಕಡೆಯವರು ಬಂದರು. ಅವರನ್ನು ಕೂರಿಸಿದ್ದು ಹಿತ್ತಲ ಬಾಗಿಲಿನಿಂದ ವೈನಿ ಮಾಡಿದ್ದ ಬೆಂಚಿನ ಮೇಲೆ. ಬಾಗಿಲು ಬೆಂಚಾಗಿತ್ತು, ಆದರೆ ಅದರ ಚಿಲಕವನ್ನು ತೆಗೆದಿರಲಿಲ್ಲ. ‘ಇರಲಿ, ಒಂದಿಲ್ಲ ಒಂದು ದಿನ ಮತ್ತ ಬಾಗಲಾ ಆಗಬೇಕಾದೀತು’ ಎಂಬ ದೂರದೃಷ್ಟಿ! ಗಂಡಿನ ತಂದೆ ಅವಲಕ್ಕಿ ತಿಂದು, ಚಹಾ ಕುಡಿದು, ಪತ್ರ ಬರೆದು ತಿಳಿಸುತ್ತೇವೆ ಎಂದು ಎದ್ದರು. ಅವರು ಎದ್ದರೇ ಹೊರತು ಅವರ ಧೋತರ ಏಳಲಿಲ್ಲ. ಆ ಪತ್ರ ಇನ್ನೂ ಬರಬೇಕಾಗಿದೆ. ನಾನು ಎರಡು ದಿನ ವೈನಿಯೊಡನೆ ಮಾತು ಬಿಟ್ಟೆ. ಮೂರನೆಯ ದಿನ ಅವರೇ ನನ್ನ ತಟ್ಟೆಗೆ ಪಲ್ಯ ಬಡಿಸುತ್ತಾ ಹೇಳಿದರು: ‘ಒಂದು ಚಿಲಕ ಬಿಡಿಸಿಕೊಳ್ಳಾಕ ಬರದ ಮಂದಿ, ಮೇಡಂನೋರ. ನಿಮ್ಮ ಜೋಡಿ ಏನ್ ಬಾಳೇ ಮಾಡ್ತಿದ್ರು?’ ಯೋಚಿಸಿದರೆ ಅದೂ ಖರೆಯೇ ಅನ್ನಿಸಿತು.

ಇಂಥ ವರ್ಕ್‌ಶಾಪಿನಲ್ಲಿ ಒಂದು ಕೂಸನ್ನು ಬೆಳೆಸುವುದು ಹೇಗೆ? ಎದುರು ಮನೆಯ ಕಾಕೂ ಇದನ್ನು ದಿನಕ್ಕೊಮ್ಮೆ ಕಾಂಪೌಂಡಿನ ಮೇಲಿಂದ ಕೇಳುತ್ತಿದ್ದರು. ವೈನಿ ಅದಕ್ಕೂ ಒಂದು ಯಂತ್ರ ಕಂಡುಹಿಡಿದಿದ್ದರು. ಅದಕ್ಕೆ ಕರೆಂಟು ಬೇಡ. ನಾವೆಲ್ಲ ಸಾಲೆಯಲ್ಲಿ ಆಡಿದ ಆಟವೇ: ಒಬ್ಬರು ‘ಸ್ಟ್ಯಾಚ್ಯೂ’ ಎಂದರೆ ಇನ್ನೊಬ್ಬರು ಇದ್ದ ಹಾಗೆಯೇ ಕಲ್ಲಾಗಬೇಕು, ‘ಓವರ್’ ಎನ್ನುವವರೆಗೆ ಅಲುಗಾಡಬಾರದು. ಡ್ರಿಲ್ ಹಿಡಿಯುವ ಮೊದಲು ವೈನಿ ‘ಸ್ಟ್ಯಾಚ್ಯೂ’ ಎನ್ನುತ್ತಿದ್ದರು. ಚಿನ್ನಿ ಎಲ್ಲಿದ್ದರೆ ಅಲ್ಲಿ ನಿಲ್ಲುತ್ತಿದ್ದಳು, ಒಂದು ಕಾಲು ಮೇಲೆತ್ತಿದ್ದರೆ ಒಂದೇ ಕಾಲಿನ ಮೇಲೆ. ಗೋಡೆಗೆ ತೂತು ಬಿದ್ದ ಮೇಲೆ ‘ಓವರ್’. ತಾಯಿ ಮಗಳ ಆಟದಲ್ಲಿ ನಾನೂ ಸಿಕ್ಕಿಬೀಳುತ್ತಿದ್ದೆ. ಬಾಯಿಯ ಹತ್ತಿರ ಚಮಚ ಹಿಡಿದು ಉಪ್ಪಿಟ್ಟು ಆರುವವರೆಗೆ ಕುಳಿತದ್ದೂ ಇದೆ, ಯಾಕೆಂದರೆ ಅತ್ಯಾ ಅಲುಗಾಡಿದರೆ ಮೋಸ ಎಂದು ಚಿನ್ನಿ ಆಮೇಲೆ ಜಗಳ ತೆಗೆಯುತ್ತಾಳೆ. ಇದನ್ನು ನಾನು ಸ್ಟಾಫ್‌ರೂಮಿನಲ್ಲಿ ಅಭಿನಯ ಸಹಿತ ಹೇಳಿ ಎಲ್ಲರನ್ನೂ ನಗಿಸಿದ್ದೇನೆ. ಮಕ್ಕಳ ಮನೋವಿಕಾಸದ ಬಗ್ಗೆ ಒಂದೆರಡು ದೊಡ್ಡ ಮಾತು ಸೇರಿಸಿದ್ದೂ ಉಂಟು.

ಇನ್ನೊಂದು, ಕೇರಂ ಬೋರ್ಡು. ಅದರ ಕಾಯಿಗಳು ಕಳೆದುಹೋದ ಮೇಲೆ ವೈನಿ ಅದನ್ನು ಚಿನ್ನಿಯ ರಂಗಮಂಚ ಮಾಡಿದ್ದರು. ನೆಲದ ಮೇಲೆ ಬೋರ್ಡು ಹಾಸಿದರೆ ಕಾರ್ಯಕ್ರಮ ಇದೆ ಎಂದರ್ಥ. ಪ್ರೇಕ್ಷಕರು ಮೂರು ಸಲ ಚಪ್ಪಾಳೆ ತಟ್ಟಬೇಕು, ಚಿನ್ನಿ ಮೇಲೇರಿ ಎರಡು ಸುತ್ತು ಕುಣಿಯಬೇಕು, ಕಡೆಗೊಂದು ದೊಡ್ಡ ಜಿಗಿತ. ಇದೇ ಪದ್ಧತಿ. ಎದುರು ಮನೆಯ ಕಾಕೂ ಕೂಡ ಬಂದು ಚಪ್ಪಾಳೆ ತಟ್ಟಿ ಹೋಗಿದ್ದರು.

ಈಗ ಸಂಪಿನ ವಿಷಯಕ್ಕೆ ಬರುತ್ತೇನೆ. ನಮ್ಮೂರಲ್ಲಿ ನಳದ ನೀರು ಬೀಗರಿದ್ದಂತೆ, ಯಾವಾಗ ಬರುತ್ತದೋ ಗೊತ್ತಿಲ್ಲ, ಬಂದಾಗ ಮನೆಯಲ್ಲಿರಬೇಕು. ಹಾಗಾಗಿ ಪ್ರತಿ ಮನೆಯ ನೆಲದಡಿಯಲ್ಲೂ ಒಂದು ಸಂಪು. ನಮ್ಮದು ಹಿತ್ತಲಿನಲ್ಲಿದೆ, ಏಳು ಅಡಿ ಆಳ. ಬಾಯಿಗೊಂದು ತಗಡಿನ ಮುಚ್ಚಳ. ಚಿನ್ನಿ ಓಡಾಡಲು ಕಲಿತ ಮೇಲೆ ವೈನಿಗೆ ಆ ಮುಚ್ಚಳದ ಮೇಲೆ ನಂಬಿಕೆ ಹೋಯಿತು. ಗುಜರಿಯಿಂದ ಹಳೆಯ ಕಿಟಕಿಯೊಂದರ ಕಬ್ಬಿಣದ ಜಾಳಿಗೆ ತಂದು, ಮುಚ್ಚಳದಿಂದ ಒಂದು ಗೇಣು ಕೆಳಗೆ ಸಂಪಿನ ಬಾಯೊಳಗೆ ಕೂರಿಸಿ ನಾಲ್ಕು ಮೂಲೆಗೆ ನಾಲ್ಕು ಬೋಲ್ಟು ಹೊಡೆಯುವುದೆಂದು ತೀರ್ಮಾನಿಸಿದರು.

‘ನೀರಿಗ್ಯಾಕ ಕಿಟಕಿ ವೈನಿ, ಸೆಕಿ ಆಗತೈತೇನು ಅದಕ್ಕ?’ ಎಂದು ನಾನು ಕೇಳಿದೆ. ನನ್ನ ಚಟಾಕಿಯನ್ನು ನಾನೇ ಮೆಚ್ಚಿಕೊಂಡೆ.

‘ಮುಚ್ಚಳಾ ತೆರದಿಡೋರು ಇರ್ತಾರಲ್ಲ, ಅವರ ಸಲುವಾಗಿ’ ಎಂದರು ವೈನಿ, ಅಳತೆಯ ಟೇಪಿನಿಂದ ಕಣ್ಣೆತ್ತದೆ.

ಅದೊಂದು ಬುಧವಾರ, ನನಗೆ ರಜೆ. ಹಿಂದಿನ ದಿನವಷ್ಟೇ ನೀರು ಬಂದು ಸಂಪು ತುಂಬಿತ್ತು. ಮುಚ್ಚಳಕ್ಕೆ ಬಣ್ಣ ಬಳಿದು ಬಿಸಿಲಿಗೆ ಒರಗಿಸಿದ್ದರು. ಚಿನ್ನಿ ಒಳಗೆ ಮಲಗಿದ್ದಳು. ನಾನು ಅಡುಗೆಮನೆಯ ಮೆಟ್ಟಿಲ ಮೇಲೆ ಚಹಾ ಲೋಟ ಇಟ್ಟುಕೊಂಡು ಪರೀಕ್ಷೆಯ ಪೇಪರು ನೋಡುತ್ತಿದ್ದೆ. ಎರಡು ಬೋಲ್ಟು ಬಿಗಿದು ಮುಗಿದಿತ್ತು, ಮೂರನೆಯದಕ್ಕೆ ತೂತು ಕೊರೆಯುವಾಗ ಕರೆಂಟು ಹೋಯಿತು. ನಮ್ಮ ಮನೆಯದಷ್ಟೇ ಹೋಗಿದೆಯೋ ಓಣಿಯದೇ ಹೋಗಿದೆಯೋ ಕಾಕೂ ಅವರನ್ನು ಕೇಳಿ ಬರಲು ವೈನಿ ಎದ್ದರು. ಹೋಗುವಾಗ ಹೇಳಿದರು: ‘ಮೇಡಂನೋರ, ಬಾಗಲಾ ಹಿಂದ ದಪ್ಪ ಹಲಗಿ ಐತಿ. ತಂದು ಬಾಯಿ ಮುಚ್ಚರಿ.’

ನಾನು ಎದ್ದೆ. ಬಾಗಿಲ ಹಿಂದೆ ಹಲಗೆ ಇತ್ತು. ಅದರ ಮುಂದೆ ಕೇರಂ ಬೋರ್ಡು ಇತ್ತು. ಹಲಗೆ ತೆಗೆಯಬೇಕಾದರೆ ಬೋರ್ಡನ್ನು ಸರಿಸಬೇಕು. ಎರಡು ನಿಮಿಷದ ಮಟ್ಟಿಗೆ ಯಾವುದಾದರೇನು? ನಮ್ಮ ಮನೆಯಲ್ಲಿ ಎಲ್ಲವೂ ಎಲ್ಲವೂ ಆಗುತ್ತದಲ್ಲ! ಕೇರಂ ಬೋರ್ಡನ್ನು ತಂದು ಸಂಪಿನ ಬಾಯಿಗೆ ಹಾಸಿ, ಮತ್ತೆ ಪೇಪರು ಹಿಡಿದೆ.

ಚಿನ್ನಿ ಎದ್ದು ಬಂದು, ಕಣ್ಣುಜ್ಜುತ್ತಾ ಚಪ್ಪಲಿ ಮೆಟ್ಟಿಕೊಂಡು, ನನ್ನ ಪಕ್ಕದಿಂದಲೇ ಇಳಿದು ಹೋದಳು. ಹಿತ್ತಲಿನಲ್ಲಿ ರಂಗಮಂಚ ಹಾಸಿದೆ, ಮೆಟ್ಟಿಲ ಮೇಲೆ ಪ್ರೇಕ್ಷಕಿ ಕುಳಿತಿದ್ದಾಳೆ, ಇನ್ನೇನು ಬೇಕು? ಬೋರ್ಡಿನ ಪಕ್ಕ ನಿಂತು ನನ್ನನ್ನು ನೋಡಿದಳು. ನಾನು ಏನು ಮಾಡಿದೆ?

ಪೇಪರಿನಿಂದ ತಲೆಯೆತ್ತಿ, ನಕ್ಕು, ಮೂರು ಸಲ ಚಪ್ಪಾಳೆ ತಟ್ಟಿದೆ.

ಮೂರನೆಯ ಚಪ್ಪಾಳೆಗೆ ನನಗೆ ಅರ್ಥವಾಯಿತು. ಅಷ್ಟರಲ್ಲಿ ಅವಳು ಮೇಲೇರಿದ್ದಳು. ನಾನು ಕೂಗಲೂ ಇಲ್ಲ, ಏಳಲೂ ಇಲ್ಲ, ಚಪ್ಪಾಳೆಯ ಕೈ ಹಾಗೆಯೇ ಹಿಡಿದು ಮೆಟ್ಟಿಲ ಮೇಲೆ ಕುಳಿತೇ ಇದ್ದೆ. ಒಂದು ಸುತ್ತು, ಎರಡು ಸುತ್ತು, ದೊಡ್ಡ ಜಿಗಿತ. ಬೋರ್ಡು ನಡುವೆ ಲಟ್ಟೆಂದು ಮುರಿದು ಚಿನ್ನಿ ಕೆಳಗಿಳಿದಳು. ಇಳಿದದ್ದು ಒಂದೇ ಗೇಣು. ಜಾಳಿಗೆಯ ಮೇಲೆ ನಿಂತಿದ್ದಳು. ಆದರೆ ಬೋಲ್ಟಿದ್ದದ್ದು ಒಂದು ಪಕ್ಕಕ್ಕೆ ಮಾತ್ರ. ಇನ್ನೊಂದು ಪಕ್ಕ ನಿಧಾನಕ್ಕೆ ನೀರಿನ ಕಡೆಗೆ ಬಾಗುತ್ತಿತ್ತು. ಇದ್ಯಾವುದೋ ಹೊಸ ಆಟ ಎಂದು ಚಿನ್ನಿ ಕಿಲಕಿಲ ನಕ್ಕಳು. ಇನ್ನೊಮ್ಮೆ ಜಿಗಿಯಲು ಮೊಣಕಾಲು ಬಾಗಿಸಿದಳು.

‘ಸ್ಟ್ಯಾಚ್ಯೂ.’

ಮನೆಯ ಮಗ್ಗುಲಿನಿಂದ ಬಂದ ವೈನಿಯ ದನಿ. ಏರಿದ ದನಿಯಲ್ಲ. ಸಾರಿಗೆ ಉಪ್ಪು ಹಾಕಿದಿರೇನು ಎಂದು ಕೇಳುವ ದನಿ. ಚಿನ್ನಿ ಹಾಗೆಯೇ ಕಲ್ಲಾದಳು, ಮೊಣಕಾಲು ಬಾಗಿಸಿಕೊಂಡು, ಬಾಯಿ ತೆರೆದುಕೊಂಡು. ವೈನಿ ಓಡಲಿಲ್ಲ. ನಡೆದು ಬಂದರು. ಓಡಿದ್ದರೆ ಆಟವೆಂದು ಅವಳೂ ಜಿಗಿಯುತ್ತಿದ್ದಳು ಎಂದು ಆಮೇಲೆ ಹೇಳಿದರು. ನೆಲಕ್ಕೆ ಬೋರಲು ಮಲಗಿ, ಮಗಳ ಕಂಕುಳಲ್ಲಿ ಕೈ ಹಾಕಿ, ಮೇಲೆತ್ತಿಕೊಂಡರು. ಕೂಸಿನ ಒಂದು ಚಪ್ಪಲಿ ಮಾತ್ರ ಕಳಚಿ, ಓರೆಯಾದ ಜಾಳಿಗೆಯ ಮೇಲೆ ಜಾರಿ, ನೀರಿಗೆ ಬಿತ್ತು. ಬುಳಕ್ ಎಂದಿತು.

ಈಗಲೂ ಯಾರಾದರೂ ಬಕೆಟ್ಟಿನಲ್ಲಿ ತಂಬಿಗೆ ಮುಳುಗಿಸಿದರೆ ನನಗೆ ಅದೇ ಸದ್ದು. ಪಾಠ ಮಾಡುವಾಗ ಮಕ್ಕಳು ಯಾವುದಕ್ಕೋ ಚಪ್ಪಾಳೆ ತಟ್ಟಿದರೆ ವಾಕ್ಯದ ನಡುವೆ ನಿಲ್ಲುತ್ತೇನೆ.

ತಾಯಿಯ ತೋಳಿನಲ್ಲೂ ಚಿನ್ನಿ ಕಲ್ಲಾಗಿಯೇ ಇದ್ದಳು. ಶಿಸ್ತೆಂದರೆ ಶಿಸ್ತು! ವೈನಿ ಅವಳ ಕಿವಿಯ ಹತ್ತಿರ ಬಾಯಿಟ್ಟು ‘ಓವರ್’ ಎಂದಾಗಲೇ ಅವಳು ಮೆತ್ತಗಾಗಿ, ‘ಅವ್ವಾ, ಚಪ್ಪಲಿ’ ಎಂದಳು. ವೈನಿ ಬಗ್ಗಿ ಆ ಎರಡು ಬೋಲ್ಟುಗಳನ್ನು ನೋಡಿದರು. ‘ಹಿಡದಾವು’ ಎಂದರು. ಕೆಳಗೆ ಬಿದ್ದಿದ್ದ ಪಾನಾ ಎತ್ತಿಕೊಳ್ಳಲು ಹೋದರು. ಅದು ಕೈಯಿಂದ ಜಾರಿತು. ಎರಡನೆಯ ಸಲವೂ ಜಾರಿತು. ಆ ಕೈಯಿಂದ ಏನಾದರೂ ಜಾರಿದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶನಿವಾರ ಅಣ್ಣ ಬಂದವನು ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮೂಲೆಯಲ್ಲಿದ್ದ ಮುರಿದ ಬೋರ್ಡನ್ನು ನೋಡಿ, ಇದು ಏನಾಗಿದೆ ಎಂದು ಕೇಳಿದ. ವೈನಿ ರೊಟ್ಟಿ ಬಡಿಯುತ್ತಲೇ ಎಲ್ಲವನ್ನೂ ಹೇಳಿದರು. ‘ಸಂಪಿನ ಬಾಯಿ ಮ್ಯಾಲೆ ಬೋರ್ಡು ಇಟ್ಟಾಕಿ ನಾನ ರೀ. ಲಕ್ಷ್ಯ ತಪ್ಪಿತು.’ ಅಣ್ಣ ಒಂದು ತಾಸು ಬಯ್ದ. ಇನ್ನು ಮೇಲೆ ಒಂದು ಮೊಳೆ ಹೊಡೆಯಬೇಕಿದ್ದರೂ ಮಿಸ್ತ್ರಿ ಬರಬೇಕು ಎಂದ. ಒಂದು ಮಾತಿಗೆ ಎರಡು ಮಾತು ತಿರುಗಿಸುವ ವೈನಿ ಅವತ್ತು ಎಲ್ಲವನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡರು. ನಾನು ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ತಟ್ಟೆಗೆ ಬಿಸಿ ರೊಟ್ಟಿ ಬಿತ್ತು.

‘ಉಣ್ಣರಿ ಮೇಡಂನೋರ, ಆರತೈತಿ.’

ಹೇಡಿಯಂತೆ ಉಂಡೆ.

ಆಮೇಲೆ ಎರಡು ವಾರ ನಾನು ಹಿತ್ತಲಿಗೆ ಕಾಲಿಡಲಿಲ್ಲ. ಬಟ್ಟೆ ಒಣಹಾಕುವುದಿದ್ದರೆ ಮಾಳಿಗೆಗೆ ಹೋದೆ, ಕರಿಬೇವು ಬೇಕಾದರೆ ಪೇಟೆಯಿಂದ ತಂದೆ. ಮನೆಯಲ್ಲೇ ಕರಿಬೇವಿನ ಕಾಡಿರುವಾಗ ಕೊಂಡು ತಂದ ಕಂತೆಯನ್ನು ವೈನಿ ನೋಡಿದರು, ಒಗ್ಗರಣೆಗೆ ಹಾಕಿದರು.

ಹೋದ ರವಿವಾರ ಅಣ್ಣ ಸಂತೆಗೆ ಹೋದಾಗ ನನ್ನ ಕೈ ಹಿಡಿದು ಹಿತ್ತಲಿಗೆ ಎಳೆದೊಯ್ದರು. ಸಂಪಿನ ಮುಚ್ಚಳದ ಮೇಲೆ ರುಬ್ಬುವ ಕಲ್ಲು ಹೇರಿದ್ದರು. ಅದನ್ನು ಉರುಳಿಸಿ, ಮುಚ್ಚಳ ತೆಗೆದು ತೋರಿಸಿದರು. ನಾಲ್ಕು ಮೂಲೆಗೂ ಬೋಲ್ಟು ಕೂತಿದ್ದವು. ಕೊನೆಯ ಎರಡಕ್ಕೆ ಮಾತ್ರ ನಟ್ಟು ಬಿಗಿದಿರಲಿಲ್ಲ. ವೈನಿ ಒಂದು ಕೆಲಸವನ್ನು ಅರ್ಧಕ್ಕೆ ಬಿಡುವುದೆಂದರೇನು, ಅದೂ ಎರಡು ವಾರ! ಪಾನಾ ನನ್ನ ಕೈಗಿತ್ತರು. ತವರಿನಲ್ಲಿ ಅಪ್ಪನ ಪಕ್ಕ ಕೂತು ಕೊಡುತ್ತಿದ್ದ ಹಾಗೆಯೇ, ಹಿಡಿಕೆ ನನ್ನ ಕಡೆಗೆ ಮಾಡಿ. ನಾನು ಬಿಗಿದೆ. ಅವರು ಪರೀಕ್ಷಿಸಲಿಲ್ಲ. ಮುಚ್ಚಳ ಹಾಕಿ, ಅದರ ಮೇಲೆ ಹತ್ತಿ ನಿಂತು, ನನ್ನನ್ನೂ ಹತ್ತಿಸಿಕೊಂಡರು. ಒಂದು ಸಂಪಿನ ಮೇಲೆ ಇಬ್ಬರು ಬೆಳೆದ ಹೆಂಗಸರು! ಎದುರು ಮನೆಯ ಕಾಕೂ ನೋಡಿದ್ದರೆ ವಾರವಿಡೀ ಓಣಿಗೆ ಸುದ್ದಿಯಾಗುತ್ತಿತ್ತು.

‘ಜಿಗೀರಿ’ ಎಂದರು ವೈನಿ.

ಅಡುಗೆಮನೆಯ ಮೆಟ್ಟಿಲ ಮೇಲೆ ಕುಳಿತಿದ್ದ ಚಿನ್ನಿ ಮೂರು ಸಲ ಚಪ್ಪಾಳೆ ತಟ್ಟಿದಳು. ನನ್ನ ಕಾಲು ಏಳಲಿಲ್ಲ. ಆ ಬುಧವಾರ ಮೆಟ್ಟಿಲ ಮೇಲೆ ಕಲ್ಲಾದದ್ದು ಇನ್ನೂ ಕಲ್ಲಾಗಿಯೇ ಇತ್ತು. ವೈನಿ ಎಣ್ಣೆ, ಕಬ್ಬಿಣದ ವಾಸನೆಯ ಕೈಯನ್ನು ನನ್ನ ಹೆಗಲ ಮೇಲಿಟ್ಟು, ಕಿವಿಯ ಹತ್ತಿರ ಬಗ್ಗಿ, ಸಾರಿಗೆ ಉಪ್ಪು ಕೇಳುವ ಅದೇ ದನಿಯಲ್ಲಿ ಅಂದರು:

‘ಓವರ್, ತಂಗಿ.’