ಭಾವನ ಕೆಳಗಿನ ಸ್ಕ್ರೂಡ್ರೈವರ್

ಎಲ್ಲ ಶುರುವಾದದ್ದು ನೀರಿನ ಪಂಪಿನ ಒಂದು ಸಡಿಲ ಸ್ಕ್ರೂವಿನಿಂದ. ಅದನ್ನು ಬಿಗಿ ಮಾಡಲು ಸ್ಕ್ರೂಡ್ರೈವರ್ ಬೇಕು. ಸ್ಕ್ರೂಡ್ರೈವರ್ ಇರುವುದು ಬೆಂಚಿನೊಳಗಿನ ಪೆಟ್ಟಿಗೆಯಲ್ಲಿ. ಪೆಟ್ಟಿಗೆಗೆ ಬೆಂಚಿನ ಹಲಗೆಯೇ ಮುಚ್ಚಳ. ಮುಚ್ಚಳದ ಮೇಲೆ ಮೆತ್ತೆ, ಮೆತ್ತೆಯ ಮೇಲೆ ಭಾವ.

ಭಾವ ಎಂದರೆ ಹೆಂಡತಿಯ ಅಣ್ಣ. ಗಂಡ ಹೆಂಡತಿ ಇಬ್ಬರೇ ವಾಸವಿದ್ದ ಹಾಯಿದೋಣಿಗೆ "ಎರಡು ದಿನ ಇದ್ದು ಹೋಗ್ತೀನಿ" ಎಂದು ಬಂದವರು ತಿಂಗಳಾದರೂ ಅಲ್ಲಾಡಿರಲಿಲ್ಲ. ಯಾವಾಗ ತೊಲಗುತ್ತಾರೋ ಎಂದು ಗಂಡ ಒಳಗೊಳಗೇ ಕುದಿಯುತ್ತಿದ್ದ. ಬಾಯಿಬಿಟ್ಟು ಹೇಳುವ ಧೈರ್ಯ ಮಾತ್ರ ಇರಲಿಲ್ಲ.

"ಭಾವ, ಸ್ವಲ್ಪ ಏಳ್ತೀರಾ?"

"ಮತ್ತೆ ಏಳ್ಬೇಕಾ? ಈಗಷ್ಟೇ ಕೂತೆ ಕಣಯ್ಯಾ."

ಒಲೆಯ ಮುಂದಿದ್ದ ಹೆಂಡತಿ ತಿರುಗಿದಳು. "ದಿನಕ್ಕೆ ಎಷ್ಟು ಸಲ ಎಬ್ಬಿಸ್ತೀರಿ ನಮ್ಮಣ್ಣನ್ನ? ಅವನ ಮಂಡಿ ಗತಿ ಏನಾಗ್ಬೇಕು?"

ಅವನಿಗೆ ಮೈಯೆಲ್ಲ ಉರಿದುಹೋಯಿತು. ತನ್ನ ದೋಣಿ, ತನ್ನ ಪೆಟ್ಟಿಗೆ, ತನ್ನ ಸ್ಕ್ರೂಡ್ರೈವರ್, ಆದರೂ ಬೇಡಿ ಬೇಡಿ ನಾಲಿಗೆ ಸವೆದಿತ್ತು. ಇನ್ನು ಈ ಜನ್ಮದಲ್ಲಿ ಈ ಮನುಷ್ಯನಿಗೆ ಏಳಿ ಎನ್ನುವುದಿಲ್ಲ! ಬೆಂಚಿನ ಮುಂಭಾಗದಲ್ಲೇ ಒಂದು ಬಾಗಿಲು ಕೊಯ್ದುಬಿಟ್ಟರೆ ಯಾರ ಹಂಗೂ ಇಲ್ಲ.

ಗರಗಸ ಎಲ್ಲಿ? ಅದೂ ಭಾವನ ಕೆಳಗೆ.

ಹಲ್ಲು ಕಚ್ಚಿಕೊಂಡು ಪಕ್ಕದ ದೋಣಿಯ ಮೇಷ್ಟ್ರನ್ನು ಕೇಳಿದ. ಗರಗಸದ ಹಿಂದೆಯೇ ಮೇಷ್ಟ್ರೂ ಬಂದರು. "ಗಟ್ಟಿ ಚಿಲಕ ಹಾಕಪ್ಪ. ದೋಣಿ ವಾಲಿದ್ರೆ ಸಾಮಾನೆಲ್ಲ ಹೊರಗೆ ಬೀಳುತ್ತೆ," ಎಂದರು.

"ಗೆರೆ ಸೊಟ್ಟಗಿದೆ," ಎಂದರು ಭಾವ, ಎರಡೂ ಕಾಲು ಮಡಚಿ ಬೆಂಚಿನ ಮೇಲಿಟ್ಟುಕೊಂಡು. ಸಿಟ್ಟಿನಲ್ಲಿ ಎಳೆದ ಗರಗಸ ಜಾರಿ ಹೆಬ್ಬೆರಳನ್ನೇ ಕೊಯ್ದಿತು.

"ಔಷಧಿ ಡಬ್ಬ ಎಲ್ಲಿಟ್ಟಿದ್ದೀಯಪ್ಪ?" ಎಂದರು ಮೇಷ್ಟ್ರು.

ಅವನು ಭಾವನ ಮೆತ್ತೆಯನ್ನು ದುರುಗುಟ್ಟಿ ನೋಡಿದ. ಹರಕು ಹಾಯಿಯ ಚೂರೊಂದನ್ನು ಬೆರಳಿಗೆ ಸುತ್ತಿಕೊಂಡ.

ಮಧ್ಯಾಹ್ನದ ಹೊತ್ತಿಗೆ ಹಲಗೆ ಕಳಚಿ ಬಂತು. ಒಳಗೆ ಕೈ ಹಾಕಿದರೆ ಮೊದಲು ಸಿಕ್ಕಿದ್ದು ಭಾವನ ಚೀಲ. ಬಟ್ಟೆಬರೆ ತುಂಬಿ ಬಾಯಿ ಬಿಗಿದಿತ್ತು. ಮೇಲೆ ಕೂತದ್ದು ಸಾಲದೆ ಒಳಗೂ ಬಿಡಾರ! ರೇಗಿ ಅದನ್ನು ಮೂಲೆಗೆ ತಳ್ಳಿದ.

ಸಂಜೆಗೆ ಬಾಗಿಲು ಕೂತಿತು, ಚಿಲಕವೂ ಕೂತಿತು. ಭಾವ ಏಳದೆಯೇ ಸ್ಕ್ರೂಡ್ರೈವರ್ ಹೊರಗೆ ಬಂತು. ಯುದ್ಧ ಗೆದ್ದವನಂತೆ ಪಂಪಿನ ಸ್ಕ್ರೂ ಬಿಗಿದ.

"ಭೇಷ್ ಕಣಯ್ಯಾ!" ಎಂದರು ಭಾವ. "ನಿಜ ಹೇಳ್ಲಾ? ಎದ್ದು ಎದ್ದು ನಂಗೆ ಸಾಕಾಗಿಹೋಗಿತ್ತು. ಇವತ್ತು ಸಂಜೆ ಹೊರಟುಬಿಡೋಣ ಅಂತ ಬೆಳಗ್ಗೆನೇ ಚೀಲ ಕಟ್ಟಿಟ್ಟಿದ್ದೆ. ನಂಗೋಸ್ಕರ ಕೈ ಕೊಯ್ಕೊಂಡು ಇಷ್ಟೆಲ್ಲ ಮಾಡಿದ್ದೀಯ. ಈಗ ಹೋದ್ರೆ ನಿಂಗೆ ಬೇಜಾರಾಗಲ್ವಾ?"

ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಭಾವ ಹಾಯಾಗಿ ಹಿಂದಕ್ಕೊರಗಿ, ಬೆಳಗಿನಿಂದ ಮಡಚಿಟ್ಟಿದ್ದ ಕಾಲುಗಳನ್ನು ಕೆಳಗೆ ಇಳಿಬಿಟ್ಟರು. ಅವು ನೇರವಾಗಿ ಹೊಸ ಬಾಗಿಲಿಗೆ ಅಡ್ಡ ಬಂದು ನಿಂತವು.

ಸ್ಕ್ರೂಡ್ರೈವರ್ ಇನ್ನೂ ಅವನ ಕೈಯಲ್ಲೇ ಇತ್ತು.

"ಭಾವ," ಎಂದ ಹಲ್ಲು ಕಡಿಯುತ್ತ, "ಸ್ವಲ್ಪ ಕಾಲು ಎತ್ಕೋತೀರಾ?"