ಅತ್ತೆ ಮತ್ತು ಕೊಬ್ಬು ಅಗಿಯುವ ಇಂಗ್ಲಿಷು

ನನ್ನ ಸೋದರತ್ತೆಯ ಕಿವಿಗೆ ಬಿದ್ದ ಸುದ್ದಿ ನಮ್ಮೂರು ದೊಡ್ಡಗಾಜನೂರಿನಿಂದ ಹೊರಟು ಬಸ್ಸಿಗಿಂತ ಮುಂಚೆ ತಾಳವಾಡಿ ಸೇರುತ್ತಿತ್ತು ಎಂದರೆ ನೀವು ನಂಬುವುದಿಲ್ಲ. ಬಸ್ಸಿನ ಕಂಡಕ್ಟರು ನಂಬುತ್ತಿದ್ದ! ಎಪ್ಪತ್ತರ ದಶಕದ ಕೊನೆ ಅದು. ಫೋನಿಲ್ಲದ ಊರಿಗೆ ಅತ್ತೆಯೇ ಫೋನು ಎನ್ನಬಹುದಿತ್ತು. ಆದರೆ ಫೋನನ್ನು ಕೆಳಗಿಡಬಹುದಲ್ಲ?

ಹಾಗೆಂದು ಅವಳು ಸುದ್ದಿ ಹೇಳಲೆಂದೇ ಯಾರ ಮನೆಗೂ ಹೋದವಳಲ್ಲ. ಹಾಲಿಗೆ ಹೆಪ್ಪು ಕೇಳಲು ಹೋಗುತ್ತಿದ್ದಳು. ನಮ್ಮ ಕೊಟ್ಟಿಗೆಯಲ್ಲಿ ಕರೆಯುವ ಹಸುಗಳಿದ್ದವು, ಮನೆಯಲ್ಲಿ ಗಡಿಗೆ ತುಂಬ ಮೊಸರಿತ್ತು. ಆದರೂ ಬೆಳಗಿನ ಮಂಜಿನಲ್ಲಿ, ಬೆಟ್ಟಗಳು ಇನ್ನೂ ಅರ್ಧ ನಿದ್ದೆಯಲ್ಲಿರುವಾಗ, ಬಟ್ಟಲು ಹಿಡಿದು ಹೊರಡುವಳು. ಬಿಸಿಲೇರಿದ ಮೇಲೆ ಬರಿಗೈಯಲ್ಲಿ ವಾಪಸು. ಬಟ್ಟಲು ಯಾರ ಮನೆಯಲ್ಲಿ ಉಳಿಯಿತೆಂದು ಕೇಳಿದರೆ, ಆ ಮನೆಯ ಸೊಸೆ ಬಸುರಿ ಎಂಬ ಉತ್ತರ ಬರುತ್ತಿತ್ತು. ಪಾಪ, ಆ ಸೊಸೆಯ ಗಂಡನಿಗೇ ಇನ್ನೂ ಗೊತ್ತಿರುತ್ತಿರಲಿಲ್ಲ!

ನಾನು ಆಗಷ್ಟೇ ತಾಳವಾಡಿಯ ಶಾಲೆಗೆ ಇಂಗ್ಲಿಷ್ ಮೇಡಮ್ಮಾಗಿ ಸೇರಿದ್ದೆ. ಒಂದು ಸಂಜೆ ಜಗಲಿಯಲ್ಲಿ ಮರುದಿನದ ಪಾಠ ಓದಿಕೊಳ್ಳುತ್ತಿದ್ದಾಗ ಅದೇನೆಂದು ಅತ್ತೆ ಕೇಳಿದಳು. ‘ಚೂ ದಿ ಫ್ಯಾಟ್’ ಎಂದೆ. ಪದಕ್ಕೆ ಪದ ಹಿಡಿದರೆ ಕೊಬ್ಬು ಅಗಿಯುವುದು. ನಿಜವಾದ ಅರ್ಥ, ಬಿಡುವಾಗಿ ಕೂತು ಊರ ಮಾತು ಆಡುವುದು ಎಂದೂ ಹೇಳಿದೆ. ಸೋಮವಾರ ಒಗ್ಗರಣೆಗೆ ಬೆಳ್ಳುಳ್ಳಿಯನ್ನೂ ಹಾಕದ ಶಿವಭಕ್ತರ ಮನೆ ನಮ್ಮದು. ಅತ್ತೆ ತನ್ನ ಎಲೆಯಡಿಕೆ ಚೀಲ ಬಿಚ್ಚಿ ಒಂದು ಎಲೆಗೆ ಸುಣ್ಣ ಹಚ್ಚಿದಳು.

“ಪಾಪ, ಆ ದೊರೆಗಳ ಮನೇಲಿ ಎಲಡ್ಕ ಇರ್ನಿಲ್ವ?” ಎಂದಳು.

ಅದೇ ವಾರ ಗುಮಟಾಪುರದ ಒಂದು ಮನೆಯಿಂದ ನನಗೆ ಸಂಬಂಧ ಬಂದಿತ್ತು. ಒಳ್ಳೆಯ ಜನ, ಬೇಕಾದಷ್ಟು ಹೊಲ. ಸೊಸೆ ಕೆಲಸಕ್ಕೆ ಹೋಗಬಾರದು ಎಂಬುದೊಂದೇ ಅವರ ಮಾತು. ಅಪ್ಪ ಸಂತೋಷದಿಂದ ಒಪ್ಪಿದರು. ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಅವರು ಹೆಣ್ಣು ನೋಡಲು ಬರಬೇಕಾದ ದಿನ ಸಂಬಂಧ ತಂದಿದ್ದ ಯಜಮಾನರೊಬ್ಬರೇ ಬಂದರು. ಕೊಟ್ಟ ನೀರನ್ನೂ ಮುಟ್ಟದೆ, ನಿಮ್ಮ ಮಗಳು ಶಾಲೆಯಲ್ಲಿ ಮಕ್ಕಳ ಜೊತೆ ಕೂತು ಕೊಬ್ಬು ಅಗಿಯುತ್ತಾಳಂತಲ್ಲ ಎಂದು ಅಪ್ಪನನ್ನು ಕೇಳಿದರು. ಸುದ್ದಿ ಹೆಪ್ಪಿನ ಜೊತೆ ಹೋಗಿತ್ತು! ಅಪ್ಪ ಇಂಗ್ಲಿಷಿನ ಅರ್ಥ ಬಿಡಿಸಿ ಹೇಳುವಷ್ಟರಲ್ಲಿ ಅವರು ಬೀದಿ ದಾಟಿದ್ದರು. ಸಂಬಂಧ ಮುರಿಯಿತು.

ಅಪ್ಪ ಎಲ್ಲರೆದುರೇ ಅತ್ತೆಯನ್ನು ಬಾಯಿಗೆ ಬಂದಂತೆ ಬೈದರು. ಅವಳು ತಲೆ ತಗ್ಗಿಸಿ ನಿಂತಿದ್ದಳು. ನಿಜ ಸಂಗತಿ ತಿಳಿದ ಮೇಲೆ ಊರೂ ನಕ್ಕಿತು. ಅವಳು ಬಟ್ಟಲು ಹಿಡಿದು ಹೋದರೆ ಜನ ಬೇಗ ಹೆಪ್ಪು ಹಾಕಿಕೊಟ್ಟು ಕಳಿಸತೊಡಗಿದರು. ಮೊದಲ ಸಲ ನಮ್ಮ ಮನೆಗೆ ಬಟ್ಟಲುಗಳು ಸರಿಯಾಗಿ ವಾಪಸು ಬಂದವು.

ಒಂದು ಸಂಜೆ ಅತ್ತೆ ಹಿತ್ತಲಲ್ಲಿ ಒಬ್ಬಳೇ ಸೊಪ್ಪು ಬಿಡಿಸುತ್ತ ಕೂತಿದ್ದಳು. ನನಗೆ ತಡೆಯಲಾಗಲಿಲ್ಲ.

“ಅತ್ತ, ಅದು ಬರೀ ಮಾತಿನ ವರಸೆ ಅಂತ ಏಳಿದ್ನಲ್ಲ. ನಿಂಗ ಅರ್ಥ ಆಗ್ನಿಲ್ವ?”

“ಅರ್ಥ ಆಗಿತ್ತು ಕಣ್ ಕೂಸೇ.” ಅವಳು ತಲೆಯೆತ್ತಲಿಲ್ಲ. “ಇಸ್ಕೂಲು ಬುಡ್ಬೇಕು ಅಂತ ನಿಮ್ಮಪ್ಪ ಏಳ್ದಾಗ ನೀನು ಅನ್ನ ಕಲಸ್ತಾನೇ ಇದ್ದೆ. ಒಂದು ತುತ್ತೂ ಉಣ್ನಿಲ್ಲ. ಯಾರೂ ನೋಡ್ನಿಲ್ಲ, ನಾನು ನೋಡ್ದೆ.”

ನಾನು ಪಕ್ಕದಲ್ಲಿ ಕೂತೆ. ಬೆಟ್ಟದಿಂದ ಮಂಜು ಇಳಿದು ಬೇಲಿ, ಬಾವಿಕಟ್ಟೆ ಒಂದೊಂದಾಗಿ ಮಸುಕಾದವು. ಇಬ್ಬನಿ ಬೀಳ್ತದ ಎಂದು ಅತ್ತೆ ತನ್ನ ಸೆರಗಿನ ಅರ್ಧವನ್ನು ನನ್ನ ತಲೆಯ ಮೇಲೂ ಎಳೆದಳು. ನಾನೂ ಒಂದು ಹಿಡಿ ಸೊಪ್ಪು ತೆಗೆದುಕೊಂಡು ಬಿಡಿಸತೊಡಗಿದೆ.